ಪೀಣ್ಯದ ಅಲ್ಪವಿರಾಮ

ಮೂವತ್ತೊಂದು ವರ್ಷ ಹಳೆಯ ವ್ಯಾಕರಣದ ಕಡತ
ಇವತ್ತು ನನ್ನ ತೆರೆಯ ಮೇಲೆ.
ಧೂಳಿಲ್ಲ, ಆದರೂ ಒರೆಸಿಕೊಂಡು ಓದುವ ಹಾಗೆ.

ಬರೆದವರು ಪಟ್ಟಾಭಿರಾಮ್.
ನಡುನಡುವೆ ಟಿಪ್ಪಣಿ. ಅಕ್ಷರ ಇಂಗ್ಲಿಷಿನದು, ಮಾತು ಕನ್ನಡದ್ದು:
"ಇದನ್ನು ಮುಟ್ಟಬೇಡಿ, ಯಾಕೆ ಅಂತ ಕೇಳಬೇಡಿ."
"ಕರೆಂಟು ಹೋಯಿತು. ನಾಳೆ ನೋಡೋಣ."
ಆ ನಾಳೆ ಬಂದದ್ದು ನನ್ನ ಪಾಲಿಗೆ,
ಯಶವಂತಪುರದ ಈ ನಾಲ್ಕನೇ ಮಹಡಿಗೆ,
ಮೆಟ್ರೋ ಹಾದಾಗಲೆಲ್ಲ ಲೋಟದ ನೀರು ನಡುಗುವಲ್ಲಿಗೆ.

ಹಳೆಯ ಪಾರ್ಸರನ್ನು ಯಾರೂ ಕೈಯಾರೆ ಬರೆದದ್ದಲ್ಲ.
ನಿಯಮ ಉಣಿಸಿದರೆ ಯಂತ್ರ ಹೆಣೆದುಕೊಟ್ಟ ಕೋಷ್ಟಕ,
ಪಂಚಾಂಗದ ಹಾಗೆ ಬರೀ ಅಂಕಿ:
ನಂಬಬಹುದು, ಓದಲಾಗದು.
ಒಂದೊಂದೇ ಪದ ಎತ್ತಿ ಗುಡ್ಡೆ ಹಾಕುತ್ತದೆ,
ಮುಂದಿನ ಒಂದೇ ಒಂದನ್ನು ಇಣುಕುತ್ತದೆ,
ಕೂಡಿತು ಅನ್ನಿಸಿದಾಗ ಗುಡ್ಡೆಯನ್ನೆಲ್ಲ ಒಂದು ಹೆಸರಿಗೆ ಮಡಿಸುತ್ತದೆ.
ನಮ್ಮಜ್ಜಿ ಹೀಗೇ ಕೇಳುತ್ತಿದ್ದಳು ಸುದ್ದಿ:
"ಕಾಟನ್‌ಪೇಟೆಯ ಸೋದರತ್ತೆ ಮಗಳ ಗಂಡ ನಿನ್ನೆ ರಾತ್ರಿ..."
ಉಸಿರು ಹಿಡಿದು.
ಬಂದನೋ, ಬಿದ್ದನೋ, ಕ್ರಿಯಾಪದ ಕೊನೆಗೇ ನಮ್ಮಲ್ಲಿ;
ಅಲ್ಲಿಯತನಕ ಅಳುವ ಹಾಗಿಲ್ಲ, ನಗುವ ಹಾಗಿಲ್ಲ.

ನಾನು ಬರೆಯುತ್ತಿರುವುದು ಮೇಲಿಂದ ಇಳಿಯುತ್ತದೆ,
ಬೇಕಾದ್ದು ಮೊದಲೇ ಗೊತ್ತಿದ್ದು ಕೇಳುತ್ತ ಬರುತ್ತದೆ:
ಘೋಷಣೆಯೇ? ಹೆಸರೆಲ್ಲಿ?
ಹೆಸರಾಯಿತು, ಬೆಲೆಯೆಲ್ಲಿ?
ಸಬ್‌ರಿಜಿಸ್ಟ್ರಾರ್ ಕಚೇರಿಯ ಗುಮಾಸ್ತನ ಥರ,
ಸ್ವಲ್ಪ ಮರ್ಯಾದಸ್ಥ, ಅಷ್ಟೇ.
ಹಳೆಯದು "ವ್ಯಾಕರಣ ದೋಷ, ಸಾಲು 212" ಅಂದು ಕಣ್ಣು ಮುಚ್ಚುತ್ತಿತ್ತು.
ಇದು ಹೇಳುತ್ತದೆ: "ಇಲ್ಲಿ ತೆರೆದ ಆವರಣ ಮುಚ್ಚಲು ಮರೆತಿರೇನೋ."
ಆ "ಏನೋ"ಗಾಗಿ ಇಮ್ತಿಯಾಜನಿಗೂ ನನಗೂ ಎರಡು ದಿನ ಜಗಳ.
ಕಂಪೈಲರ್ ಅನುಮಾನಿಸಬಾರದು ಅಂತ ಅವನು.
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲಿ ಬಿಡು ಅಂತ ನಾನು.

ಹಳೆಯದರಲ್ಲಿ ಹದಿನಾಲ್ಕು ಘರ್ಷಣೆ.
ಕಟ್ಟಿದಾಗಲೆಲ್ಲ ಎಚ್ಚರಿಸುತ್ತದೆ, ಪ್ರತಿ ಸಲವೂ ನಾವು "ಇರಲಿ".
ಅದರಲ್ಲೊಂದು ಎಲ್ಲರಿಗೂ ಗೊತ್ತಿರುವುದೇ:
"ಕೆಲಸ ಮುಗಿದರೆ, ಬಸ್ಸು ಸಿಕ್ಕರೆ, ಬರುತ್ತೇನೆ;
ಇಲ್ಲದಿದ್ದರೆ ಫೋನ್ ಮಾಡುತ್ತೇನೆ"
ಅಂದಿದ್ದ ಒಬ್ಬ, ಬಹಳ ಹಿಂದೆ, ಮೆಜೆಸ್ಟಿಕ್ಕಿನಲ್ಲಿ.
ಯಾವುದು ಇಲ್ಲದಿದ್ದರೆ? ಕೆಲಸವೋ, ಬಸ್ಸೋ?
ಹತ್ತಿರದ್ದಕ್ಕೇ ಅಂಟಿಸು ಅನ್ನುತ್ತದೆ ನಿಯಮ.
ಅಂಟಿಸಿಕೊಂಡೆ. ಅವನೂ ಬರಲಿಲ್ಲ, ಫೋನೂ ಬರಲಿಲ್ಲ.
ಹಾಗಾದರೆ ಕೆಲಸ ಮುಗಿದಿರಲಿಕ್ಕಿಲ್ಲ.

ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಪರೀಕ್ಷೆ.
ಶುಕ್ರವಾರ ಸಂಜೆಗೆ ಒಂದು ಬಿಟ್ಟು ಎಲ್ಲ ಹಸಿರು.
ಆ ಒಂದು ಪೀಣ್ಯ ಎರಡನೇ ಹಂತದ್ದು,
ಲೇತ್ ಯಂತ್ರ ನಡೆಸುವ ಪ್ರೋಗ್ರಾಮು.
ಪಟ್ಟಿಯಲ್ಲಿ ಎರಡು ಅಂಕಿಗಳ ನಡುವೆ ಅಲ್ಪವಿರಾಮವೇ ಇಲ್ಲ.
ಹಳೆಯ ಕೋಷ್ಟಕ ಯಾವುದೋ ಘರ್ಷಣೆಯ ಸಂದಿಯಲ್ಲಿ
ಅದನ್ನು ಒಳಗೆ ಬಿಟ್ಟುಕೊಂಡಿದೆ;
ಹತ್ತೊಂಬತ್ತು ವರ್ಷದಿಂದ ಆ ತಪ್ಪಿನ ಮೇಲೆ ಬುಶ್ಶು ಕಡೆಯುತ್ತಿದ್ದಾರೆ.

ಪಟ್ಟಾಭಿರಾಮರಿಗೆ ಫೋನ್ ಮಾಡಿದೆ.
ಗವಿಪುರ. ಹಿಂದೆ ಕುಕ್ಕರಿನ ಸೀಟಿ.
"ಓ, ಆ ಅಲ್ಪವಿರಾಮವಾ?" ನಕ್ಕರು.
"ಮುನಿವೆಂಕಟಪ್ಪ ಅಂತ ಮೇಸ್ತ್ರಿ. ಅವನ ಕೀಲಿಮಣೆಯಲ್ಲಿ ಆ ಗುಂಡಿ
ಎಣ್ಣೆ ಕುಡಿದು ಕೂತುಬಿಟ್ಟಿತ್ತು, ಮೇಲೇಳುತ್ತಲೇ ಇರಲಿಲ್ಲ.
ಹೊಸದು ತರಿಸೋಕೆ ಮೂರು ಸಹಿ ಬೇಕು.
ವ್ಯಾಕರಣ ತಿದ್ದೋಕೆ ನಾನೊಬ್ಬ ಸಾಕಿತ್ತಲ್ಲಮ್ಮ."

ನಾನು ಬಿರುಕು ಅಂದುಕೊಂಡದ್ದು
ಅವರು ತೆಗೆದಿಟ್ಟ ಬಾಗಿಲು.

ರಾತ್ರಿ ಕೋಷ್ಟಕ ಅಳಿಸಿದೆ.
ಹನ್ನೊಂದು ಸಾವಿರ ಸಾಲು, ಕೆಂಪಗೆ, ಒಂದೇ ಉಸಿರಿಗೆ.
ಬದಲಿಗೆ ಏಳು ಸಾಲಿನ ಫಂಕ್ಷನ್ನು:
ಅಲ್ಪವಿರಾಮ ಇದ್ದರೆ ನುಂಗು, ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗು.
ತಲೆಯ ಮೇಲೆ "ಮುಟ್ಟಬೇಡಿ" ಅಂತ ಬರೆದು, ಹೊಡೆದುಹಾಕಿ,
ಯಾಕೆ ಅನ್ನುವುದನ್ನು ಬರೆದೆ,
ಎಣ್ಣೆ, ಗುಂಡಿ, ಮೂರು ಸಹಿ ಸಮೇತ.

ಇಮ್ತಿಯಾಜ್ ಓದಿದ. ಏನೂ ತಿದ್ದಲಿಲ್ಲ.
"ಆ ಮೇಸ್ತ್ರಿ ಈಗೆಲ್ಲಿ?" ಅಂದ.
ಕೇಳಿರಲಿಲ್ಲ ನಾನು.
ಪೀಣ್ಯದ ಕಡೆಯ ರೈಲು ಹೋಯಿತು.
ಲೋಟದಲ್ಲಿ ನೀರು.